ಸಹಿಸಿಕೊಂಡು ಕೂರಬೇಡ, ಪುಟ್ಟಿ

ಸೋಮವಾರಪೇಟೆ

ಪ್ರೀತಿಯ ಪುಟ್ಟಿ,

ಕಾಫಿ ಕುಯ್ಲಿಗೆ ಬಂದಾಗ ನೀನು ನನ್ನ ಕೋಣೆಯಲ್ಲೇ ಮಲಗಿದ್ದೆಯಲ್ಲ, ಆ ರಾತ್ರಿ ನನಗೂ ಎಚ್ಚರವಿತ್ತು. ಹೊರಗೆ ಹಲ್ಲು ಕಟಕಟ ಅನ್ನುವ ಚಳಿ. ನಾನು ಎರಡು ಕಂಬಳಿ ಹೊದ್ದಿದ್ದೆ. ನೀನು ಎದ್ದು ಕಿಟಕಿ ತೆಗೆದೆ. ಬೆವರಿಗೆ ಒದ್ದೆಯಾದ ನೈಟಿ ಬದಲಿಸಿ, ಕತ್ತಲಲ್ಲೇ ಮಂಚದ ತುದಿಗೆ ಕೂತುಬಿಟ್ಟೆ. ಬೆಳಿಗ್ಗೆ ಕೇಳಿದರೆ, "ಬಿಡಿ ದೊಡ್ಡಮ್ಮ, ಎಲ್ಲರಿಗೂ ಆಗೋದೇ" ಅಂದೆ.

ನಾನೂ ಹಾಗೇ ಅಂದುಕೊಂಡಿದ್ದೆ. 2006ರಲ್ಲಿ ನನಗೆ ಮುಟ್ಟು ನಿಂತಿತು. ನಿದ್ದೆಯಿಲ್ಲ, ಸುಮ್ಸುಮ್ನೆ ಅಳು, ಒಲೆ ಮುಂದೆ ನಿಂತರೆ ಮುಖಕ್ಕೆಲ್ಲ ಬೆಂಕಿ ಏರಿದ ಹಾಗೆ. ಒಬ್ಬ ಡಾಕ್ಟರ ಹತ್ತಿರ ಹೋಗಿ ಹಾರ್ಮೋನ್ ಮಾತ್ರೆ ಕೇಳಿದೆ. "ಕ್ಯಾನ್ಸರ್ ಬರುತ್ತೆ, ಬೇಡ" ಅಂದರು. ಒಂದು ಪರೀಕ್ಷೆಯನ್ನೂ ಮಾಡಿಸಲಿಲ್ಲ. ಆರು ವರ್ಷ ಹಾಗೇ ತಳ್ಳಿದೆ.

ಆ ಹೆದರಿಕೆ ಎಲ್ಲಿಂದ ಬಂತು ಅಂತ ಆಮೇಲೆ ತಿಳಿಯಿತು. 2002ರಲ್ಲಿ ಅಮೆರಿಕದಲ್ಲಿ ಹಾರ್ಮೋನ್ ಮಾತ್ರೆಯ ಒಂದು ದೊಡ್ಡ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಹೆಚ್ಚಾದದ್ದು ನಿಜ. ಮಾತ್ರೆ ತಗೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ 8 ಮಂದಿಗೆ ಜಾಸ್ತಿ. ಆದರೆ ಅವರ ಸರಾಸರಿ ವಯಸ್ಸು 63 ಅನ್ನುವುದನ್ನು ನನಗೆ ಯಾರೂ ಹೇಳಲಿಲ್ಲ. 60 ದಾಟದ, ಮುಟ್ಟು ನಿಂತು 10 ವರ್ಷ ಆಗಿರದ, ಬೇರೆ ಕಾಯಿಲೆಯಿಲ್ಲದ ಹೆಂಗಸಿಗೆ ಇಷ್ಟು ಕಾಟ ಇದ್ದರೆ, ಸಾಮಾನ್ಯವಾಗಿ ಅಪಾಯಕ್ಕಿಂತ ಉಪಯೋಗವೇ ಹೆಚ್ಚು ಅಂತ ಈಗ ಡಾಕ್ಟರರು ಹೇಳುತ್ತಾರೆ. ನಿನಗಿನ್ನೂ 49.

ಹಾಗಂತ ಪಕ್ಕದ ಮನೆಯ ಅಕ್ಕ ನುಂಗುವ ಮಾತ್ರೆ ತಂದು ನುಂಗಬೇಡ. ಅವರಿಗೆ ಗರ್ಭಕೋಶ ತೆಗೆದಿದ್ದಾರೆ, ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಒಂದೇ ಸಾಕು. ನಿನಗೆ ಗರ್ಭಕೋಶ ಇದೆ. ಬರೀ ಈಸ್ಟ್ರೋಜನ್ ತಗೊಂಡರೆ ಅದರ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗಬಹುದು. ಜೊತೆಗೆ ಪ್ರೊಜೆಸ್ಟೆರಾನ್ ಅನ್ನುವ ಇನ್ನೊಂದು ಹಾರ್ಮೋನ್ ಬೇಕೇ ಬೇಕು. ನಿನ್ನಮ್ಮನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಲ್ಲ, ಅದನ್ನು ಡಾಕ್ಟರಿಗೆ ಮೊದಲೇ ಹೇಳು. ನುಂಗುವ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ಆ ಭಯ ಕಡಿಮೆ. ಹಾರ್ಮೋನ್ ಬೇಡವೇ ಬೇಡ ಅಂದರೆ ಬಿಸಿ ಏರುವುದಕ್ಕೆ ಬೇರೆ ಔಷಧಿಯೂ ಇದೆ.

ನಾಚಿಕೊಂಡು ಅರ್ಧಕ್ಕೇ ನುಂಗಿದೆಯಲ್ಲ, ಯೋನಿಯ ಆ ಉರಿ ಮತ್ತು ಒಣಗುವಿಕೆಯ ಮಾತು, ಅದನ್ನೂ ಬಾಯಿಬಿಟ್ಟು ಹೇಳು. ಅಲ್ಲಿಗೇ ಹಚ್ಚುವ ಹಾರ್ಮೋನ್ ಕ್ರೀಮ್ ಇದೆ, ಅದು ಮೈಗೆ ಸೇರುವುದು ತೀರಾ ಕಡಿಮೆ.

ಇನ್ನೊಂದು ವಿಷಯ. ಹೋದ ಕಕ್ಕಡ ಮಾಸದ ಮಳೆಯಲ್ಲಿ ನಾನು ಅಂಗಳದ ಪಾಚಿಯ ಮೇಲೆ ಜಾರಿ ಕೈ ಊರಿದೆ, ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದಂತೆ, ಹಾರ್ಮೋನ್ ಅದನ್ನು ತಡೆಯುತ್ತದಂತೆ. ನನಗೆ ಆ ಕಾಲ ಮುಗಿಯಿತು. ನಿನಗೆ ಇನ್ನೂ ಇದೆ ಅಲ್ವಾ?

ಬರುವ ಬುಧವಾರ ಮಡಿಕೇರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗೋಣ. ಹಳೆಯ ಚೀಟಿ, ಬಿಪಿ ಮಾತ್ರೆ ಎಲ್ಲ ಒಂದು ಚೀಲಕ್ಕೆ ಹಾಕಿಟ್ಟುಕೋ. ನಾನು ಬೆಳಗಿನ ಬಸ್ಸಿಗೇ ಬರುತ್ತೇನೆ.

ನಿನ್ನ
ದೊಡ್ಡಮ್ಮ