ಕಾಯಿಲೆ ಇದೆಯಾ ಅಂತ ಕೇಳಬೇಡಿ, ಯಾವ ಮಾತ್ರೆ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಈಗ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮಂದಿರು ಬಹಳ ಜನ ಇದ್ದಾರೆ. ಅಡಿಕೆ ಕೊಯ್ಲು ಮುಗಿಸಿ, ತೋಟವನ್ನು ನೆಂಟರಿಗೆ ಒಪ್ಪಿಸಿ, ಮಗಳ ಬಾಣಂತನಕ್ಕೆ ಅಂತ ಮೂರು ತಿಂಗಳು ಹೊರಡುತ್ತೇವೆ. ಉಪ್ಪಿನಕಾಯಿ ಎಷ್ಟು, ಹಪ್ಪಳ ಎಷ್ಟು ಅಂತ ವಾರಗಟ್ಟಲೆ ತೂಗಿ ನೋಡುತ್ತೇವೆ. ಪ್ರವಾಸ ವಿಮೆಗೆ ಕೊಡುವುದು ಹತ್ತೇ ನಿಮಿಷ. ಆ ಹತ್ತು ನಿಮಿಷದಲ್ಲಿ ನಮ್ಮ ಮನೆಯಲ್ಲಿ ಆದ ತಪ್ಪು ಬೇರೆಯವರಿಗೆ ಆಗಬಾರದು ಅಂತ ಈ ಪತ್ರ ಬರೆಯುತ್ತಿದ್ದೇನೆ.

ಮಗಳು ಅಮೆರಿಕದ ಡಲ್ಲಾಸ್‌ನಲ್ಲಿದ್ದಾಳೆ. ಹೊರಡುವ ಮೊದಲು ನಾನು, ನಮ್ಮನೆಯವರು ಪೇಟೆಯ ಟಿಕೆಟ್ ಏಜೆನ್ಸಿಗೆ ಹೋಗಿದ್ದೆವು. ಪರಿಚಯದ ಹುಡುಗನೇ. ಕಂಪ್ಯೂಟರ್ ಮುಂದೆ ಕೂತು ಹೆಸರು, ವಯಸ್ಸು, ಪಾಸ್‌ಪೋರ್ಟ್ ನಂಬರ್ ಹಾಕಿದ. ಆಮೇಲೆ ಪರದೆ ನೋಡುತ್ತಲೇ ಕೇಳಿದ: "ಭಾವ, ಕಾಯಿಲೆ ಗೀಯಿಲೆ ಎಂತಾರೂ ಇದ್ದಾ?"

ನಮ್ಮನೆಯವರು ಅಂದರು: "ಎಂತೂ ಇಲ್ಲೆ ಮಾರಾಯ, ಆನು ಗಟ್ಟಿ ಇದ್ದಿ."

ಅವರು ಸುಳ್ಳು ಹೇಳಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. 68 ವರ್ಷಕ್ಕೂ ದಿನಾ ತೋಟಕ್ಕೆ ಇಳಿದು ಹತ್ತುವ ಮನುಷ್ಯ. ನಮ್ಮ ಮಾತಿನಲ್ಲಿ ಕಾಯಿಲೆ ಅಂದರೆ ಹಾಸಿಗೆ ಹಿಡಿಯುವುದು. ಬಿಪಿಗೆ, ಶುಗರ್‌ಗೆ ಯಾರೂ ಕಾಯಿಲೆ ಅನ್ನುವುದಿಲ್ಲ. "ಸ್ವಲ್ಪ ಬಿಪಿ ಇದೆ" ಅನ್ನುತ್ತೇವೆ, ಅಷ್ಟೇ. ಅವರ ಬಿಪಿ ಮಾತ್ರೆಯ ಹಾಳೆ ಕವಳದ ಬಟ್ಟಲಲ್ಲೇ ಇರುತ್ತದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅದರ ಪಕ್ಕ ಮಾತ್ರೆ. ಬೆಳಿಗ್ಗೆ ತೆಳ್ಳೇವು ತಿಂದು ಒಂದು ಮಾತ್ರೆ, ಆಮೇಲೆ ಕವಳ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ಅದು ಅವರಿಗೆ ಔಷಧಿ ಅಂತಲೇ ಅನ್ನಿಸುವುದಿಲ್ಲ.

ನಾನೂ ಹದಿನೈದು ವರ್ಷದಿಂದ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದೇನೆ. ನನ್ನನ್ನು ಕೇಳಿದಾಗ ನಾನೂ "ಇಲ್ಲ" ಅಂದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಪ್ರಶ್ನೆಯನ್ನು ಎರಡು ಸಲ ಓದಿ ಆಮೇಲೆ ಉತ್ತರ ಬರೆಯಿರಿ ಅಂತ ಮಕ್ಕಳಿಗೆ ಹೇಳುತ್ತಿದ್ದೆ. ಅವತ್ತು ನಾನು ಪರದೆಯತ್ತ ತಿರುಗಿಯೂ ನೋಡಲಿಲ್ಲ.

ಫೋನಿಗೆ ಒಟಿಪಿ ಬಂತು. ಹುಡುಗ ಕೇಳಿದ, ನಾವು ಹೇಳಿದೆವು. ಆ ಒಟಿಪಿಯೇ ನಮ್ಮ ಸಹಿ ಅಂತ ನಮಗೆ ಗೊತ್ತಾಗಿದ್ದು ಬಹಳ ತಡವಾಗಿ. ಇಬ್ಬರಿಗೂ ಸೇರಿ 31 ಸಾವಿರ ರೂಪಾಯಿ ಕಟ್ಟಿದೆವು. ತಲಾ ಒಂದು ಲಕ್ಷ ಡಾಲರ್ ಮೊತ್ತದ ಪಾಲಿಸಿ, 90 ದಿನಕ್ಕೆ.

ಹೋಗುವಾಗ ವಿಮಾನದಲ್ಲಿ ಒಂದು ಚೀಲ ಹಿಂದೆ ಉಳಿಯಿತು. ಎರಡು ದಿನ ತಡವಾಗಿ ಬಂತು. ವಿಮಾನ ನಿಲ್ದಾಣದಿಂದ ಹೊರಗೆ ಬರುವ ಮೊದಲೇ ಕೌಂಟರಿನಲ್ಲಿ ದೂರು ಬರೆಸಿ ಚೀಟಿ ಇಸಿದುಕೊಂಡಿದ್ದಕ್ಕೆ ವಿಮೆಯವರು ಅದಕ್ಕೆ ದುಡ್ಡು ಕೊಟ್ಟರು. ಪರವಾಗಿಲ್ಲ, ಒಳ್ಳೆಯ ಪಾಲಿಸಿ ಅಂತ ನಂಬಿಕೆ ಬಂತು.

ಮೂರನೇ ವಾರ ರಾತ್ರಿ ನಮ್ಮನೆಯವರಿಗೆ ಎದೆ ಹಿಡಿದ ಹಾಗಾಯಿತು. ಬೆವರು ಇಳಿಯಿತು. ಮಗಳು, ಅಳಿಯ ಆಸ್ಪತ್ರೆಗೆ ಕರೆದುಕೊಂಡು ಓಡಿದರು. ಮೂರು ವಾರದ ಕೂಸನ್ನು ಎತ್ತಿಕೊಂಡು ನಾನು ಮನೆಯಲ್ಲಿ ಕೂತಿದ್ದೆ. ಆ ರಾತ್ರಿಯ ಬಗ್ಗೆ ಜಾಸ್ತಿ ಬರೆಯಲು ಮನಸ್ಸಾಗುವುದಿಲ್ಲ. ದೇವರ ದಯೆ, ಹೃದಯಾಘಾತ ಅಲ್ಲ ಅಂತ ಆಯಿತು. ಬಿಪಿ ತುಂಬಾ ಏರಿತ್ತು. ಎರಡು ರಾತ್ರಿ ಇಟ್ಟುಕೊಂಡು, ನಾನಾ ತಪಾಸಣೆ ಮಾಡಿ ಕಳಿಸಿದರು. ಬಿಲ್ 13,600 ಡಾಲರ್. ನಮ್ಮ ರೂಪಾಯಿಯಲ್ಲಿ 11 ಲಕ್ಷ ದಾಟುತ್ತದೆ.

ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಅಲ್ಲಿಯ ನರ್ಸ್ ಕೇಳಿದ್ದು ಕಾಯಿಲೆ ಇದೆಯಾ ಅಂತ ಅಲ್ಲವಂತೆ. "ದಿನಾ ಯಾವ ಮಾತ್ರೆ ತಗೊಳ್ಳುತ್ತೀರಿ?" ಅಂತ. ಮಗಳು ಅದನ್ನು ಕನ್ನಡದಲ್ಲಿ ಕೇಳಿದಳು. ಇವರು ಎದೆ ನೋವಿನ ನಡುವೆಯೂ ಮಾತ್ರೆಯ ಹೆಸರು, ಎಷ್ಟು ಎಂಜಿ, ಎಷ್ಟು ವರ್ಷದಿಂದ ಅಂತ ಎಲ್ಲ ಹೇಳಿದರು. ನರ್ಸ್ ಬರೆದುಕೊಂಡರು: ಹನ್ನೊಂದು ವರ್ಷದಿಂದ ಬಿಪಿ.

ಅದೇ ಸಾಲನ್ನು ಹಿಡಿದು ವಿಮೆಯವರು ಕ್ಲೇಮ್ ತಿರಸ್ಕರಿಸಿದರು. ಅರ್ಜಿಯಲ್ಲಿ ಮೊದಲೇ ಇದ್ದ ಕಾಯಿಲೆ ಇಲ್ಲ ಅಂತ ಬರೆದಿದ್ದೀರಿ, ಆಸ್ಪತ್ರೆಯ ಕಾಗದದಲ್ಲಿ ಇದೆ ಅಂತ ಇದೆ. ಮುಗಿಯಿತು.

ಒಬ್ಬನೇ ಮನುಷ್ಯ. ಸರಿಯಾಗಿ ಕೇಳಿದ ಕಡೆ ಸರಿಯಾದ ಉತ್ತರ ಕೊಟ್ಟರು. ಬೇಕಾಬಿಟ್ಟಿ ಕೇಳಿದ ಕಡೆ ಬೇರೆ ಉತ್ತರ ಬಂತು. ಅದಕ್ಕೇ ನಾನು ಕೇಳುವುದು ಇಷ್ಟೇ: ವಿಮೆ ಮಾಡಿಸುವ ಎಲ್ಲ ಏಜೆಂಟರೂ, ಕಂಪನಿಯವರೂ ಆ ಪ್ರಶ್ನೆಯನ್ನು ಬದಲಿಸಿ. ಹಿರಿಯರ ಹತ್ತಿರ "ನೀವು ದಿನಾ ಯಾವ ಯಾವ ಮಾತ್ರೆ ತಗೊಳ್ಳುತ್ತೀರಿ, ತೋರಿಸಿ" ಅಂತ ಕೇಳಿ. ಮಾತ್ರೆಯ ಹಾಳೆ ಮೇಜಿನ ಮೇಲೆ ಬರದೆ ಅರ್ಜಿ ಮುಂದೆ ಹೋಗಬಾರದು.

ಬಿಪಿ ಅಂತ ಬರೆದ ಮಾತ್ರಕ್ಕೆ ಬಿಪಿಯಿಂದ ಬಂದ ಖರ್ಚೆಲ್ಲ ಸಿಗುತ್ತದೆ ಅಂತಲ್ಲ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಹೆಚ್ಚಿನ ಪಾಲಿಸಿಗಳು ಮೊದಲೇ ಇದ್ದ ತೊಂದರೆಯ ಚಿಕಿತ್ಸೆಯನ್ನು ಹೊರಗಿಡುತ್ತವೆ. ಕೆಲವು ಪಾಲಿಸಿಗಳು ಮಾತ್ರ ಜೀವಕ್ಕೆ ಅಪಾಯ ಇರುವ ತುರ್ತಿನಲ್ಲಿ ಒಂದು ಮಿತಿಯ ತನಕ ಕೊಡುತ್ತವೆ. ಅಂಥದ್ದನ್ನು ಹುಡುಕಿ ಕೊಳ್ಳಬೇಕು ಅಂದರೆ ಮೊದಲು ನಿಜ ಹೇಳಬೇಕಲ್ವಾ? ಮುಚ್ಚಿಟ್ಟರೆ ಮಾತ್ರೆಗೆ ಸಂಬಂಧವೇ ಇಲ್ಲದ ಕ್ಲೇಮಿಗೂ ತಕರಾರು ಬರಬಹುದು. ಇನ್ನೊಂದು, ಒಂದು ಲಕ್ಷ ಡಾಲರ್ ಅಂತ ದೊಡ್ಡ ಅಕ್ಷರದಲ್ಲಿ ಇದ್ದರೂ ಅರವತ್ತು ದಾಟಿದವರಿಗೆ ಎಷ್ಟೋ ಪಾಲಿಸಿಗಳಲ್ಲಿ ಒಳಮಿತಿ ಇರುತ್ತದೆ. ಆಸ್ಪತ್ರೆಯ ಕೋಣೆಗೆ ದಿನಕ್ಕೆ ಇಷ್ಟು, ಆಪರೇಷನ್‌ಗೆ ಇಷ್ಟು ಅಂತ. ಮೇಲೆ ಪ್ರತಿ ಕ್ಲೇಮಿಗೂ ಮೊದಲ 100 ಡಾಲರೋ ಎಷ್ಟೋ ನಾವೇ ಕೊಡಬೇಕು. ನಮ್ಮ ಪಾಲಿಸಿಯಲ್ಲಿ ಇವೆಲ್ಲ ಹನ್ನೊಂದನೇ ಪುಟದಲ್ಲಿ ಇತ್ತು, ಇಂಗ್ಲಿಷಿನಲ್ಲಿ.

ಈ ಇಂಗ್ಲಿಷಿನ ವಿಷಯಕ್ಕೂ ಒಂದು ಮಾತು. 2024ರ ಜನವರಿಯಿಂದ ಆರೋಗ್ಯ ವಿಮೆಯ ಪಾಲಿಸಿ ಜೊತೆ ಸರಳ ಭಾಷೆಯ ಮಾಹಿತಿ ಹಾಳೆ ಕೊಡಬೇಕು, ಗ್ರಾಹಕರು ಬಯಸಿದರೆ ಅವರ ಭಾಷೆಯಲ್ಲೇ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಅದರಲ್ಲಿ ಇರುತ್ತದೆ. ದುಡ್ಡು ಕಟ್ಟುವ ಮೊದಲೇ ಕನ್ನಡದ ಹಾಳೆ ಕೊಡಿ ಅಂತ ಕೇಳಿ. ಕೇಳಲು ಸಂಕೋಚ ಬೇಡ, ಪಾಲಿಸಿ ಜೊತೆ ಕನ್ನಡದ ಹಾಳೆ ಸಿಗುವುದು ನಮ್ಮ ಹಕ್ಕು.

ನಮ್ಮ ಹಾಗೆ ತಿರಸ್ಕಾರ ಆದವರು ಸುಮ್ನೆ ಕೂರಬೇಕು ಅಂತಲೂ ಇಲ್ಲ. ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ, ವಿಮೆಯ ತಕರಾರು ತೀರಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಒಂದು ವರ್ಷದ ಒಳಗೆ ಬರೆಯಬೇಕು. 50 ಲಕ್ಷ ರೂಪಾಯಿ ತನಕದ ತಕರಾರು ಅಲ್ಲಿ ನಡೆಯುತ್ತದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಫೋನಿನಲ್ಲಿ ವಿಚಾರಿಸಲು ಪ್ರಾಧಿಕಾರದ 155255 ನಂಬರ್ ಇದೆ. ನಾವು ಓಂಬುಡ್ಸ್‌ಮನ್ ತನಕ ಹೋಗಲಿಲ್ಲ. "ಇಲ್ಲ" ಅಂದಿದ್ದು ನಾವೇ, ಒಟಿಪಿ ಕೊಟ್ಟಿದ್ದೂ ನಾವೇ ಅಂತ ಹೇಳಿ ನಮ್ಮನೆಯವರು ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಮಗಳು ಆಸ್ಪತ್ರೆಯವರ ಹತ್ತಿರ ಬಿಲ್ಲಿನ ಪೂರ್ತಿ ವಿವರ ತರಿಸಿ, ಮಾತಾಡಿ, ಸ್ವಲ್ಪ ಇಳಿಸಿಕೊಂಡಳು. ಉಳಿದಿದ್ದನ್ನು ಈಗಲೂ ತಿಂಗಳು ತಿಂಗಳು ಕಟ್ಟುತ್ತಿದ್ದಾಳೆ. ತವರಿಗೆ ಬರಬೇಕು ಅಂತ ಅವಳು ಕೂಡಿಟ್ಟ ದುಡ್ಡು ಅದು. ಅದನ್ನು ನೆನೆಸಿದರೆ ನನಗೆ ಇವತ್ತಿಗೂ ಊಟ ಸೇರುವುದಿಲ್ಲ.

ಕರಾವಳಿಯ ಕಡೆ ರೈಲಿನಲ್ಲಿ ಓಡಾಡುವವರಿಗೂ ಒಂದು ಮಾತು ಹೇಳಿಬಿಡುತ್ತೇನೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಿಂದ ಬೆಂಗಳೂರಿಗೆ ಪಂಚಗಂಗಾ ರೈಲಿನ ಟಿಕೆಟನ್ನು ಫೋನಿನಲ್ಲೇ ಮಾಡಿಸುತ್ತೀರಲ್ಲ, ಅಲ್ಲಿ 45 ಪೈಸೆಯ ವಿಮೆ ಬೇಕಾ ಅಂತ ಕೇಳುತ್ತದೆ. ಬೇಕು ಅನ್ನಿ. ರೈಲು ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ, ಗಾಯವಾಗಿ ಆಸ್ಪತ್ರೆ ಸೇರಿದರೆ 2 ಲಕ್ಷದ ತನಕ ಸಿಗುತ್ತದೆ. ಕೌಂಟರಿನಲ್ಲಿ ಕೊಂಡ ಟಿಕೆಟಿಗೆ ಇದು ಇಲ್ಲ. ಆದರೆ ಬೇಕು ಅಂದ ಮೇಲೆ ವಿಮೆ ಕಂಪನಿಯಿಂದ ಫೋನಿಗೆ ಒಂದು ಮೆಸೇಜ್ ಬರುತ್ತದೆ. ಅದನ್ನು ತೆರೆದು ನಾಮಿನಿ ಹೆಸರು ತುಂಬಬೇಕು. ನಾನು ಕೇಳಿದ ಹತ್ತು ಜನರಲ್ಲಿ ಒಬ್ಬರೂ ತುಂಬಿರಲಿಲ್ಲ. ನಮ್ಮ ಮಗನೂ ತುಂಬಿರಲಿಲ್ಲ.

ಈಗ ನನ್ನ ತಂಗಿ ಜರ್ಮನಿಗೆ ಹೊರಟಿದ್ದಾಳೆ, ಅವಳ ಸೊಸೆಯ ಬಾಣಂತನಕ್ಕೆ. ಜರ್ಮನಿಯೂ ಸೇರಿ ಯುರೋಪಿನ ಬಹಳ ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗನ್ ವೀಸಾಕ್ಕೆ ಕಡಿಮೆ ಅಂದರೂ 30,000 ಯೂರೋ ವೈದ್ಯಕೀಯ ವಿಮೆ ಇರಲೇಬೇಕು. "ವೀಸಾಕ್ಕೆ ಅಷ್ಟು ಸಾಕು ಅಕ್ಕ" ಅಂತ ಇದೇ ಹುಡುಗ ಅಂದ. ವೀಸಾ ಕೊಡುವವರು ನೋಡುವುದು ಮೊತ್ತ, ಅವಳ ಮಾತ್ರೆ ಅಲ್ಲ. ನಾನು ಕುರ್ಚಿ ಎಳೆದು ಪರದೆಯ ಎದುರಿಗೇ ಕೂತೆ. ತಂಗಿಯ ಸಂಚಿಯಿಂದ ಮಾತ್ರೆಗಳನ್ನೆಲ್ಲ ತೆಗೆಸಿ ಮೇಜಿನ ಮೇಲೆ ಸಾಲಾಗಿ ಇಡಿಸಿದೆ. ಶುಗರಿನದು ಎರಡು, ಬಿಪಿಯದು ಒಂದು, ಕೊಲೆಸ್ಟ್ರಾಲಿನದು ಒಂದು. ಒಂದೊಂದನ್ನೂ ಬರೆಸಿದೆ. ತುರ್ತಿನಲ್ಲಿ ಅವುಗಳಿಗೂ ಕೊಡುವ ಪಾಲಿಸಿ ಹುಡುಕಿಸಿದೆ. ಮೂರು ಸಾವಿರ ಜಾಸ್ತಿ ಆಯಿತು. ಕೊಟ್ಟೆವು.

ಒಟಿಪಿ ಬಂದಾಗ ತಂಗಿ ಬಾಯಿ ತೆರೆಯುವುದರಲ್ಲಿದ್ದಳು. "ತಡೆ, ಮೊದಲಿಂದ ಓದಿ ಹೇಳಲಿ" ಅಂದೆ. ಹುಡುಗ ಮೊದಲ ಸಾಲಿನಿಂದ ಕನ್ನಡದಲ್ಲಿ ಓದಿ ಹೇಳಿದ. ಆಸ್ಪತ್ರೆಗೆ ಸೇರುವ ಹೊತ್ತಿಗೆ ಮೊದಲು ಕರೆಯಬೇಕಾದ ವಿಮೆಯವರ ನಂಬರನ್ನು ದೊಡ್ಡದಾಗಿ ಚೀಟಿಯಲ್ಲಿ ಬರೆದು ಅವಳ ಪಾಸ್‌ಪೋರ್ಟಿನ ಕವರಿನಲ್ಲಿ ಇಟ್ಟಿದ್ದೇನೆ. ಇನ್ನೊಂದು ಚೀಟಿ ಅವಳ ಮಗನ ಹತ್ತಿರ ಇದೆ.

ಆ ಹುಡುಗ ಈಗ ಅರವತ್ತು ದಾಟಿದ ಯಾರೇ ಬಂದರೂ "ಮಾತ್ರೆ ತಂದಿದ್ದೀರಾ?" ಅಂತಲೇ ಕೇಳುತ್ತಾನಂತೆ. ಜಿಲ್ಲೆಯ ಉಳಿದ ಏಜೆನ್ಸಿಯವರೂ ಹೀಗೆ ಕೇಳುವಂತಾಗಲಿ ಅಂತ ತಮ್ಮ ಪತ್ರಿಕೆಗೆ ಇದನ್ನು ಕಳಿಸಿದ್ದೇನೆ. ದಯವಿಟ್ಟು ಪ್ರಕಟಿಸಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಹುಲೇಕಲ್ ಹತ್ತಿರ, ಶಿರಸಿ ತಾಲೂಕು