ಕೋಡ್ ನನ್ನ ಹತ್ತಿರವೇ ಇದೆ, ಉಳಿದದ್ದು ಕೊಡಿ

ಇವರಿಗೆ,
ಗ್ರಾಹಕ ಸಹಾಯ ವಿಭಾಗ

ವಿಷಯ: ಕಾರಣ ಹೇಳದೆ ಖಾತೆ ಮುಚ್ಚಿರುವ ಬಗ್ಗೆ, ಮತ್ತು ಹಣ ಕಡಿತ ಮಾತ್ರ ಮುಂದುವರಿದಿರುವ ಬಗ್ಗೆ

ಮಾನ್ಯರೇ,

ಇಲ್ಲಿಯವರೆಗೆ ಫೋನ್ ಮಾಡಿದೆ, ಮೇಲ್ ಹಾಕಿದೆ, ಎಲ್ಲದರಲ್ಲೂ ‘ದಯವಿಟ್ಟು’ ಸೇರಿಸಿದೆ. ನಿನ್ನೆ ನಿಮ್ಮಿಂದ ಒಂದು ಮೇಲ್ ಬಂತು. ನನ್ನ ಸಮಸ್ಯೆ ಬಗೆಹರಿದಿದೆಯಂತೆ, ನಿಮ್ಮ ಸೇವೆಗೆ ಎಷ್ಟು ಸ್ಟಾರ್ ಅಂತ ಹೇಳಬೇಕಂತೆ. ಸ್ಟಾರ್ ಕೊಡೋಕೆ ಲಾಗಿನ್ ಆಗಬೇಕು. ಖಾತೆಯನ್ನೇ ಮುಚ್ಚಿದ್ದೀರಲ್ಲ, ಎಲ್ಲಿಂದ ಲಾಗಿನ್ ಆಗಲಿ? ಎಲ್ಲ ಭಾಷೆಯಲ್ಲೂ ಸಹಾಯ ಸಿಗುತ್ತದೆ ಎಂದು ನಿಮ್ಮ ಸೈಟ್‌ನಲ್ಲೇ ಬರೆದುಕೊಂಡಿದ್ದೀರಿ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಯೂನಿಕೋಡ್‌ಗೆ, ಅಂದರೆ ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತಕ್ಕೆ, ಬದಲಿಸುವ ಒಂದು ಸಣ್ಣ ತಂತ್ರಾಂಶ ನಮ್ಮದು. ಅದರ ರೆಪೊ, ಅಂದರೆ ಕೋಡ್ ಮತ್ತು ಅದರ ಬಗೆಗಿನ ಚರ್ಚೆ ಎಲ್ಲ ಇಡುವ ಜಾಗ, ನಿಮ್ಮ ಸೈಟ್‌ನಲ್ಲಿತ್ತು. ಒಂದು ಬೆಳಿಗ್ಗೆ ನೋಡಿದರೆ 404, ‘ಪುಟ ಸಿಗಲಿಲ್ಲ’. ಕಾರಣ, ‘ಅಸಹಜ ಚಟುವಟಿಕೆ’. ಯಾವುದು ಅಸಹಜ ಅಂತ ತಿಳಿಸಬೇಕು, ಮೇಲ್ಮನವಿಗೆ ಉತ್ತರ ಕೊಡಬೇಕು ಎಂದು ನಿಯಮ ಬರೆದವರು ನೀವೇ. ಕಲಮಿನ ನಂಬರ್ ನಾನು ಹೇಳಬೇಕಿಲ್ಲ ಅಲ್ವಾ? ಈ ನಡುವೆ ನನ್ನ ಕಾರ್ಡಿನಿಂದ ತಿಂಗಳ ಶುಲ್ಕ ಹೋಗಿದೆ. ಆ ಚಟುವಟಿಕೆ ಮಾತ್ರ ಸಹಜವಾಗಿಯೇ ನಡೆಯುತ್ತಿದೆ.

ನಿಮ್ಮಿಂದ ಉಪಯೋಗವೇ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ಗದಗದಲ್ಲಿ ಡಿಟಿಪಿ ಮಾಡುವ ಒಬ್ಬರಿಗೆ ಕೋಡಿನ ಗಂಧಗಾಳಿ ಇಲ್ಲ. ಅವರು ಸುಮ್ನೆ ಒಂದು ಇಶ್ಯೂ (ದೋಷದ ದೂರು) ತೆರೆದು ಸ್ಕ್ರೀನ್‌ಶಾಟ್ ಹಾಕಿದರು: ಅರ್ಕಾವೊತ್ತು ಜಾಗ ತಪ್ಪುತ್ತಿದೆ. ಹಳೇ ಫಾಂಟ್‌ನಲ್ಲಿ ‘ಸೂರ್ಯ’ ಎಂದಾಗ ಅರ್ಕಾವೊತ್ತು ‘ಯ’ ಆದಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ‘ರ’ ಮೊದಲು ಬರಬೇಕು. ನಡುವೆ ಇನ್ನೊಂದು ಒತ್ತೋ ಗುಣಿತವೋ ಇದ್ದರೆ ಎಷ್ಟು ಹಿಂದಕ್ಕೆ ಸರಿಸಬೇಕು ಎನ್ನುವುದೇ ತಲೆನೋವು. ನಾವು ಯಾರೂ ಮುಖ ನೋಡದ ಒಬ್ಬ ವಿದ್ಯಾರ್ಥಿ ಕೋಡ್ ತಿದ್ದಿ, ಅದನ್ನು ಸೇರಿಸಿಕೊಳ್ಳಿ ಎಂದು ಪುಲ್ ರಿಕ್ವೆಸ್ಟ್ ಕಳಿಸಿದ. ಉಳಿದವರು ಸಾಲು ಸಾಲಿಗೂ ತಕರಾರು ತೆಗೆದು ಸರಿ ಮಾಡಿಸಿದರು. ಇಂಥ ಕೆಲಸ ಮೇಲ್‌ನಲ್ಲಿ ಆಗುತ್ತಿರಲಿಲ್ಲ. ಒಪ್ಪುತ್ತೇನೆ.

ನೀವು ಹಿಡಿದಿಟ್ಟುಕೊಂಡಿರುವುದೂ ಅದನ್ನೇ. ಕೋಡ್ ಬಗ್ಗೆ ನನಗೆ ಚಿಂತೆ ಇಲ್ಲ. ಕೋಡಿನ ಪ್ರತಿ ಬದಲಾವಣೆಯ ಲೆಕ್ಕ ಇಡುವ ಗಿಟ್‌ನಲ್ಲಿ ಕ್ಲೋನ್ (ಪೂರ್ತಿ ನಕಲು) ಮಾಡಿದವರ ಹತ್ತಿರವೆಲ್ಲ ಪೂರ್ತಿ ಇತಿಹಾಸ ಇರುತ್ತದೆ, ಮೊದಲ ಕಮಿಟ್‌ನಿಂದ, ಅಂದರೆ ಮೊದಲು ದಾಖಲಾದ ಬದಲಾವಣೆಯಿಂದ ಹಿಡಿದು. ಆದರೆ ಇಶ್ಯೂಗಳು, ಪುಲ್ ರಿಕ್ವೆಸ್ಟ್ ಕೆಳಗಿನ ಚರ್ಚೆ, ಆ ಸ್ಕ್ರೀನ್‌ಶಾಟ್‌ಗಳು, ಇವು ಗಿಟ್‌ನೊಳಗೆ ಬರುವುದಿಲ್ಲ. ನಿಮ್ಮ ಡೇಟಾಬೇಸ್‌ನಲ್ಲಿವೆ. ಅಸಹಜವಾಗಿದ್ದವನು ನಾನೇ ಎಂದಿಟ್ಟುಕೊಳ್ಳಿ, ಗದಗದವರು ಬರೆದದ್ದನ್ನು ಯಾಕೆ ಮುಚ್ಚಿದಿರಿ?

ಇನ್ನು ಆ ಫೋನ್ ಕರೆ. ‘ಗುಣಮಟ್ಟಕ್ಕಾಗಿ’ ರೆಕಾರ್ಡ್ ಮಾಡುತ್ತೀರಲ್ಲ, ತೆಗೆದು ಕೇಳಿ. ಖಾತೆ ನನ್ನದೇ ಎಂದು ಖಚಿತಪಡಿಸಲು ಹೆಸರು ಕೇಳಿದರು, ಹೇಳಿದೆ.

“ಲಾಸ್ಟ್ ನೇಮ್?”

ಇಲ್ಲ ಮೇಡಂ, ಇನಿಷಿಯಲ್ ಇದೆ. ಎಚ್, ಎನ್.

“ಎಚ್ ಅಂದರೆ?”

ನಮ್ಮೂರು.

“ಸರ್, ನಾನು ವಿಳಾಸ ಕೇಳಲಿಲ್ಲ, ಹೆಸರು ಕೇಳಿದೆ.”

ಎನ್ ಅಂದರೆ ನಮ್ಮ ತಂದೆ ಹೆಸರು ಎಂದೆ. ಆ ಕಡೆ ಸ್ವಲ್ಪ ಹೊತ್ತು ಕೀಬೋರ್ಡ್ ಕುಟ್ಟುವ ಸದ್ದು.

“ಹಾಗಾದರೆ ಖಾತೆ ನಿಮ್ಮ ತಂದೆಯವರದಾ?”

ಅಲ್ಲ, ನನ್ನದೇ.

“ಅವರನ್ನೇ ಲೈನಿಗೆ ಕರೆಯಬಹುದಾ?”

ಅವರು ತೀರಿಕೊಂಡಿದ್ದಾರೆ ಎಂದೆ.

“ಓಕೆ ಸರ್, ಮೃತ ಖಾತೆದಾರರ ಫಾರಂ ಕಳಿಸುತ್ತೇನೆ. ಇನ್ನೇನಾದರೂ ಸಹಾಯ ಬೇಕಾ?”

ಫಾರಂ ಬಂತು. ಈ ಒಂದು ಕೆಲಸ ನೀವು ಚಕಚಕನೆ ಮಾಡಿದ್ದೀರಿ. ಮೃತರ ಹೆಸರಿನ ಜಾಗದಲ್ಲಿ ನನ್ನ ಹೆಸರು ಮೊದಲೇ ತುಂಬಿತ್ತು. ಜೊತೆಗೆ ಮರಣ ಪ್ರಮಾಣಪತ್ರ ಲಗತ್ತಿಸಬೇಕಂತೆ. ಪಂಚಾಯಿತಿಯಲ್ಲಿ ಹೋಗಿ ಕೇಳಲಾ?

ನಿಮ್ಮ ವ್ಯಾಪಾರ ನಿಂತಿರುವುದು ಗಿಟ್ ಮೇಲೆ. ಅದು ಹುಟ್ಟಿದ್ದು ಹೇಗೆ ಅಂತ ನಿಮ್ಮ ಎಂಜಿನಿಯರ್‌ಗಳನ್ನು ಕೇಳಿ. ಲಿನಕ್ಸ್ ಕರ್ನಲ್ (ಆ ಆಪರೇಟಿಂಗ್ ಸಿಸ್ಟಂನ ತಿರುಳು) ಬರೆಯುವವರು ಇದೇ ಕೆಲಸಕ್ಕೆ ಬಿಟ್‌ಕೀಪರ್ ಎಂಬ ತಂತ್ರಾಂಶ ಬಳಸುತ್ತಿದ್ದರು. 2005ರಲ್ಲಿ ಅದರ ಕಂಪನಿ ಉಚಿತ ಬಳಕೆ ನಿಲ್ಲಿಸಿತು. ಲಿನಕ್ಸ್ ಶುರು ಮಾಡಿದ ಲಿನಸ್ ಟಾರ್ವಾಲ್ಡ್ಸ್ ಕೂತು ಗಿಟ್ ಬರೆದರು. ಬಾಗಿಲು ಹಾಕಿದರೆ ಜನ ಬೇರೆ ದಾರಿ ಮಾಡಿಕೊಳ್ಳುತ್ತಾರೆ, ಇದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಖಾತೆ ತೆರೆಯಿರಿ. ಇಲ್ಲವೇ ಇಶ್ಯೂ, ಚರ್ಚೆ ಎಲ್ಲವನ್ನೂ ಒಂದು ಕಡತದಲ್ಲಿ ಇಳಿಸಿ ಕೊಡಿ, ಕಡಿತ ಮಾಡಿದ ದುಡ್ಡು ವಾಪಸ್ ಹಾಕಿ. ಆಗದಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ನಿಮ್ಮ ವಕೀಲರು ಹಾಸನಕ್ಕೆ ಬರಲಿ, ಬಸ್ ಜಾಸ್ತಿ ಇವೆ.

ಕೋಡನ್ನು ನಿಮ್ಮಂಥದೇ ಇನ್ನೊಂದು ಸೈಟ್ ಕೋಡ್‌ಬರ್ಗ್‌ಗೆ ಆಗಲೇ ಪುಶ್ ಮಾಡಿದ್ದೇನೆ, ಅಂದರೆ ಏರಿಸಿದ್ದೇನೆ. ಬರ್ಲಿನ್‌ನ ಒಂದು ಲಾಭರಹಿತ ಸಂಘ ಅದನ್ನು ನಡೆಸುತ್ತದೆ, ಅಪ್ಪನ ಹೆಸರು ಕೇಳಲಿಲ್ಲ. ಬಂದವರು ಮೊದಲು ಓದುವ ಪರಿಚಯದ ಕಡತ ರೀಡ್‌ಮಿಯ ಮೊದಲ ಸಾಲು ಮಾತ್ರ ಖಾಲಿ ಬಿಟ್ಟಿದ್ದೇನೆ. ಮುಂದಿನ ಸೋಮವಾರದೊಳಗೆ ಮನುಷ್ಯರು ಬರೆದ ಉತ್ತರ ಬರದಿದ್ದರೆ ಅಲ್ಲಿ ಹೀಗೆ ಹಾಕುತ್ತೇನೆ: “ಹಳೇ ಚರ್ಚೆಗಳು ಬೇಕಿದ್ದವರು ಈ ಕಂಪನಿಯನ್ನು ಕೇಳಿ.” ಪಕ್ಕದಲ್ಲಿ ನಿಮ್ಮ ಸಹಾಯ ವಿಭಾಗದ ಫೋನ್ ನಂಬರ್. ನಮ್ಮ ಬಳಕೆದಾರರಲ್ಲಿ ಲಾಸ್ಟ್ ನೇಮ್ ಇಲ್ಲದವರೇ ಜಾಸ್ತಿ. ಒಬ್ಬೊಬ್ಬರಾಗಿ ಫೋನ್ ಮಾಡುತ್ತಾರೆ.

ಇತಿ,
ಇನ್ನೂ ಬದುಕಿರುವ ಖಾತೆದಾರ