ಪ್ರಾಜೆಕ್ಟ್ ವರದಿಯಲ್ಲಿ ದುಡ್ಡಿನ ಲೆಕ್ಕಕ್ಕೂ ಎರಡು ಪುಟ ಇರಲಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟ್ ಇಲ್ಲವೇ ಇಲ್ಲ ಎನ್ನುವಂತಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಐದನೇ ಸೆಮಿಸ್ಟರಿನಲ್ಲೇ ಮ್ಯಾನೇಜ್‌ಮೆಂಟ್ ಮತ್ತು ಉದ್ಯಮಶೀಲತೆಯ ವಿಷಯವಿತ್ತು. ಕೊರತೆ ಇರುವುದು ಕಲಿಯುವ ಬಗೆಯಲ್ಲಿ. ಫಯೋಲ್‌ನ 14 ಮ್ಯಾನೇಜ್‌ಮೆಂಟ್ ತತ್ವಗಳನ್ನು, ಮಾಸ್ಲೋ ಹೇಳಿದ ಅಗತ್ಯಗಳ ಶ್ರೇಣಿಯನ್ನು ಬಾಯಿಪಾಠ ಮಾಡಿ ಪಾಸಾಗುವ ವಿದ್ಯಾರ್ಥಿ, ಕೊನೆಯ ವರ್ಷದ ವರದಿಯಲ್ಲಿ ‘ನಮ್ಮ ವಿನ್ಯಾಸ ಮಿತವ್ಯಯದ್ದು’ ಎಂದು ಬರೆಯುತ್ತಾನೆ. ಯಾರಿಗೆ ಮಿತವ್ಯಯ, ಎಷ್ಟು ವರ್ಷದಲ್ಲಿ, ಯಾವ ಬಡ್ಡಿಗೆ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಇದನ್ನು ಕಲಿಯಲು ಎಂಬಿಎ ಬೇಕಿಲ್ಲ. ಒಂದು ಮೋಟಾರು ಸಾಕು.

ವರ್ಕ್‌ಶಾಪೊಂದರಲ್ಲಿ 7.5 ಕಿಲೋವ್ಯಾಟ್, ಅಂದರೆ ಸುಮಾರು 10 ಎಚ್‌ಪಿಯ ನಾಲ್ಕು ಪೋಲಿನ ಹಳೆಯ ಮೋಟಾರಿದೆ ಎನ್ನಿ. ಮೋಟಾರಿನ ದಕ್ಷತೆಯನ್ನು ಐಇ1, ಐಇ2, ಐಇ3 ಹೀಗೆ ದರ್ಜೆಗಳಲ್ಲಿ ಹೇಳುತ್ತಾರೆ, ಅಂಕಿ ಏರಿದಂತೆ ದಕ್ಷತೆಯೂ ಏರುತ್ತದೆ. ಐಇ1 ದರ್ಜೆಯದಾದರೆ ಅದರ ದಕ್ಷತೆ ಶೇ 86. ಅದೇ ಅಳತೆಯ ಐಇ3 ಮೋಟಾರಿನದು ಶೇ 90.4. ಪೂರ್ಣ ಹೊರೆಯಲ್ಲಿ ಹಳೆಯದು 8.72 ಕಿಲೋವ್ಯಾಟ್ ಎಳೆದರೆ ಹೊಸದಕ್ಕೆ 8.30 ಸಾಕು. ವರ್ಷಕ್ಕೆ 6,000 ಗಂಟೆ ಓಡಿದರೆ ಸುಮಾರು 2,547 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಂಡರೆ ಉಳಿತಾಯ 17,800 ರೂಪಾಯಿಯ ಆಸುಪಾಸು. ಹೊಸ ಮೋಟಾರಿಗೆ 40,000 ರೂಪಾಯಿ, ಆಯುಸ್ಸು 10 ವರ್ಷ, ಡಿಸ್ಕೌಂಟ್ ದರ (ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ವಾರ್ಷಿಕ ದರ) ಶೇ 12 ಎಂದು ಹಿಡಿಯೋಣ. ಹತ್ತು ವರ್ಷಗಳ ಉಳಿತಾಯದ ಇಂದಿನ ಮೌಲ್ಯ ತಿಳಿಯಲು ಒಂದು ವರ್ಷದ ಉಳಿತಾಯವನ್ನು, ಶೇ 12ರ ದರಕ್ಕೆ ಹತ್ತು ವರ್ಷದ ಗುಣಕವಾದ 5.65ರಿಂದ ಗುಣಿಸಬೇಕು: ಸುಮಾರು ಒಂದು ಲಕ್ಷ ರೂಪಾಯಿ. ಮೋಟಾರಿನ ಬೆಲೆ ಕಳೆದರೆ 60,700 ರೂಪಾಯಿ ಲಾಭ.

ಅದೇ ಮೋಟಾರು ವರ್ಷಕ್ಕೆ 1,500 ಗಂಟೆ ಮಾತ್ರ ಓಡುವುದಾದರೆ? ಉಳಿತಾಯ 4,450 ರೂಪಾಯಿಗೆ ಇಳಿಯುತ್ತದೆ, ಹತ್ತು ವರ್ಷದ ಲೆಕ್ಕದಲ್ಲಿ 14,800 ರೂಪಾಯಿ ನಷ್ಟ. ಯಂತ್ರ ಬದಲಾಗಿಲ್ಲ, ದಕ್ಷತೆ ಬದಲಾಗಿಲ್ಲ, ತೀರ್ಮಾನ ಮಾತ್ರ ತಲೆಕೆಳಗಾಯಿತು. ದಕ್ಷತೆ ಹೆಚ್ಚಿದ್ದರೆ ಸಾಕು, ಬದಲಾಯಿಸಿಬಿಡಿ ಎನ್ನುವ ಎಂಜಿನಿಯರ್ ಇಲ್ಲಿಯೇ ಎಡವುತ್ತಾನೆ.

ಲೆಕ್ಕ ಕೆಡುವುದು ಸೂತ್ರದಲ್ಲಲ್ಲ, ಅದಕ್ಕೆ ಹಾಕುವ ಅಂಕಿಗಳಲ್ಲಿ. ವಿದ್ಯುತ್ ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ ದರ ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಬಿಲ್ಲಿನಲ್ಲಿ ಮಂಜೂರಾದ ಲೋಡಿಗೆ ಕಟ್ಟುವ ನಿಗದಿತ ಶುಲ್ಕವೂ ಸೇರಿರುತ್ತದೆ. ನಾಲ್ಕು ಯೂನಿಟ್ ಉಳಿಸಿದ ಮಾತ್ರಕ್ಕೆ ಅದು ಇಳಿಯದು. ಯೂನಿಟ್ ಒಂದಕ್ಕೆ ತೆರುವ ಶುಲ್ಕ ಮತ್ತು ಅದರ ಮೇಲಿನ ತೆರಿಗೆಯನ್ನಷ್ಟೇ ಹಿಡಿಯಬೇಕು. ಸರಾಸರಿ ವೆಚ್ಚಕ್ಕೂ ಸೀಮಾಂತ ವೆಚ್ಚಕ್ಕೂ (ಇನ್ನೊಂದೇ ಯೂನಿಟ್‌ಗೆ ತಗಲುವ ವೆಚ್ಚ) ಇರುವ ವ್ಯತ್ಯಾಸ ತಿಳಿಯಲು ಒಂದು ಕರೆಂಟ್ ಬಿಲ್ಲಿಗಿಂತ ಒಳ್ಳೆಯ ಪಾಠ ನಮಗೆ ಗೊತ್ತಿಲ್ಲ. ಹಾಗೆಯೇ ಮೋಟಾರು ಸದಾ ಪೂರ್ಣ ಹೊರೆಯಲ್ಲಿ ಓಡುವುದಿಲ್ಲ. ಕ್ಲಾಂಪ್ ಮೀಟರಿನಲ್ಲಿ ಆಂಪಿಯರ್ ಓದಿ ಹೊರೆ ಅಂದಾಜಿಸಿದರೆ ಮೋಸಹೋಗುತ್ತೀರಿ, ಏಕೆಂದರೆ ಹೊರೆ ಕಡಿಮೆಯಿದ್ದಾಗಲೂ ಕಾಂತಕ್ಷೇತ್ರಕ್ಕೆ ಬೇಕಾದ ಕರೆಂಟು ಹರಿಯುತ್ತಲೇ ಇರುತ್ತದೆ. ಪವರ್ ಮೀಟರ್ ಹಾಕಿ ಕಿಲೋವ್ಯಾಟ್ ಅಳೆಯಬೇಕು.

ಹಳೆಯ ಮೋಟಾರಿಗೆ ಅಂದು ಕೊಟ್ಟ ಬೆಲೆ ಈ ಲೆಕ್ಕಕ್ಕೆ ಬರಬಾರದು, ಇಂದಿನ ಗುಜರಿ ಬೆಲೆ ಮಾತ್ರ ಬರಬೇಕು. ಡಿಸ್ಕೌಂಟ್ ದರದಲ್ಲಿ ಹಣದ ಬಡ್ಡಿ ಸೇರಿಯೇ ಇರುತ್ತದೆ, ಹಾಗಾಗಿ ಶೇ 12 ಡಿಸ್ಕೌಂಟ್ ಮಾಡಿದ ಮೇಲೆ ಬ್ಯಾಂಕ್ ಸಾಲದ ಬಡ್ಡಿಯನ್ನು ಮತ್ತೆ ಕಳೆದರೆ ಒಂದೇ ಖರ್ಚು ಎರಡು ಸಲ ಬೀಳುತ್ತದೆ. ಎಕ್ಸೆಲ್‌ನ ಎನ್‌ಪಿವಿ (ನಿವ್ವಳ ಇಂದಿನ ಮೌಲ್ಯ) ಸೂತ್ರದ ಬಗ್ಗೆಯೂ ಎಚ್ಚರ ಬೇಕು. ಅದು ಮೊದಲ ಅಂಕಿಯನ್ನೇ ಒಂದು ವರ್ಷದ ನಂತರದ್ದು ಎಂದು ಭಾವಿಸುತ್ತದೆ. ಇಂದೇ ಕೊಡುವ 40,000 ರೂಪಾಯಿಯನ್ನು ಆವರಣದೊಳಗೆ ಸೇರಿಸಿದರೆ 60,700 ಬರಬೇಕಾದಲ್ಲಿ 54,200 ಬರುತ್ತದೆ. ಆ ಮೊತ್ತವನ್ನು ಸೂತ್ರದ ಹೊರಗೆ ಕಳೆಯಬೇಕು.

ಎಲೆಕ್ಟ್ರಾನಿಕ್ಸ್ ಪ್ರಾಜೆಕ್ಟ್‌ಗಳಲ್ಲಿ ಇನ್ನೊಂದು ಬಗೆಯ ತಪ್ಪು ಕಾಣುತ್ತದೆ. ಬಿಡಿಭಾಗಗಳ ಬಿಲ್ಲನ್ನೇ ಉತ್ಪನ್ನದ ವೆಚ್ಚ ಎಂದು ಬರೆಯುತ್ತಾರೆ. ಜೋಡಿಸುವವರ ಕೂಲಿ, ಪರೀಕ್ಷೆಯ ಸಮಯ, ಡಬ್ಬಿ, ವಾರಂಟಿ ಯಾವುದೂ ಇರುವುದಿಲ್ಲ. ನೂರು ಬೋರ್ಡುಗಳಲ್ಲಿ 92 ಮಾತ್ರ ಪಾಸಾಗಿ ಉಳಿದವು ರಿಪೇರಿಗೂ ಬಾರದಿದ್ದರೆ, ಒಂದು ಬೋರ್ಡಿನ ವೆಚ್ಚವನ್ನು 0.92ರಿಂದ ಭಾಗಿಸಬೇಕು. 500 ರೂಪಾಯಿಯದು ಆಗ 543 ಆಗುತ್ತದೆ.

ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ ಎಂಬುದನ್ನೂ ಕಾಲೇಜಿನಲ್ಲೇ ತಿಳಿಯಬೇಕು. 8 ಲಕ್ಷ ರೂಪಾಯಿ ವೆಚ್ಚದ ಕೆಲಸಕ್ಕೆ 10 ಲಕ್ಷದ ಆರ್ಡರ್ ಸಿಕ್ಕರೆ ಕಾಗದದಲ್ಲಿ 2 ಲಕ್ಷ ಲಾಭ. ಆದರೆ ಕಚ್ಚಾ ಮಾಲಿಗೆ ಮೊದಲೇ ದುಡ್ಡು ಕೊಡಬೇಕು, ಕೂಲಿ ವಾರವಾರ ಕೊಡಬೇಕು, ಗ್ರಾಹಕ ಕೊಡುವುದು ತಿಂಗಳುಗಳ ನಂತರ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳಿದರೂ ತಡವಾಗುವುದು ತಪ್ಪಿಲ್ಲ. ಆರ್ಡರ್ ದುಪ್ಪಟ್ಟಾದರೆ ನಡುವಿನ ತಿಂಗಳುಗಳಿಗೆ ಬೇಕಾದ ಹಣವೂ ಹೆಚ್ಚುಕಡಿಮೆ ದುಪ್ಪಟ್ಟು. ಲಾಭದಲ್ಲಿರುವ ವರ್ಕ್‌ಶಾಪು ಬಾಗಿಲು ಹಾಕುವುದು ಹೀಗೆ. ತಿಂಗಳಿಗೊಂದು ಕಾಲಂ ಇಟ್ಟು ಬಂದ ಹಣ, ಹೋದ ಹಣ, ಉಳಿದದ್ದು ಬರೆದರೆ ಯಾವ ತಿಂಗಳು ಕೊರತೆ ಎಂಬುದು ಮೊದಲೇ ಗೊತ್ತಾಗುತ್ತದೆ.

ಥಿಯರಿ ಓದಲು ದಾರಿಗಳಿವೆ. ಎನ್‌ಪಿಟೆಲ್ ಮತ್ತು ಸ್ವಯಂ ಎಂಬ ಆನ್‌ಲೈನ್ ಕಲಿಕೆಯ ತಾಣಗಳಲ್ಲಿ ಪಾಠಗಳು ಉಚಿತ. ಅಭ್ಯಾಸ ಮಾತ್ರ ಅಲ್ಲಿ ಸಿಗದು.

ವಿಶ್ವವಿದ್ಯಾಲಯಗಳಲ್ಲಿ ನಮ್ಮ ಮನವಿ ಇಷ್ಟೇ. ಹೊಸ ವಿಷಯವನ್ನೂ ಹೊಸ ಪರೀಕ್ಷೆಯನ್ನೂ ಸೇರಿಸಬೇಡಿ, ವಿದ್ಯಾರ್ಥಿಗಳ ಮೇಲೆ ಈಗಿರುವ ಹೊರೆಯೇ ಸಾಕು. ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯಲ್ಲಿ ಎರಡು ಪುಟದ ವೆಚ್ಚ-ಲಾಭದ ಲೆಕ್ಕ ಕಡ್ಡಾಯ ಮಾಡಿ, 100ರಲ್ಲಿ 10 ಅಂಕ ಅದಕ್ಕಿಡಿ. ಬಳಸಿದ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಅಳೆದದ್ದೋ, ಕೊಟೇಶನ್‌ನಿಂದ ಬಂದದ್ದೋ, ಊಹೆಯೋ ಎಂದು ಬರೆಸಿ. ವೈವಾಗೆ ಬರುವ ಹೊರಗಿನ ಪರೀಕ್ಷಕರು ಊಹೆಯ ಒಂದು ಅಂಕಿಯನ್ನು ಅರ್ಧ ಮಾಡಿ, ತೀರ್ಮಾನ ಆಗಲೂ ನಿಲ್ಲುತ್ತದೆಯೇ ಎಂದು ಕೇಳಲಿ.

– ಎಂಜಿನಿಯರಿಂಗ್ ಕಾಲೇಜು ಅಧ್ಯಾಪಕರು, ದಾವಣಗೆರೆ